ಸಾವಕಾರರ ಮಗನಿಗೆ ಕಷ್ಟ ಬೇಕಾಗಿತ್ತು

ತನ್ನ ಬದುಕು ತನ್ನದಲ್ಲ ಎಂಬುದು ಸುಜಾತಾಳಿಗೆ ಗೊತ್ತಾದದ್ದು ಕುರಿಯ ಕಾಲಿನಿಂದ ಜಾಲಿಮುಳ್ಳು ಕೀಳುವಾಗ. ಎರಡು ಮೊಣಕಾಲ ನಡುವೆ ಕುರಿ, ಹಲ್ಲಿನಲ್ಲಿ ಸೇಫ್ಟಿಪಿನ್ನು, ಪಕ್ಕದ ಕಂಬಳಿಯ ಮೇಲೆ ಮೊಬೈಲು. ಮೊಬೈಲು ಗುಂಯ್ ಅಂದಿತು. ಅವಳು ಮುಳ್ಳು ಕಿತ್ತಳು. ಕುರಿ ಬಿಟ್ಟಳು. ಕೈಯ ರಕ್ತವನ್ನು ಓಢಣಿಗೆ ಒರೆಸಿಕೊಂಡು ಓದಿದಳು.

ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯದ ಪತ್ರ. ಬಹಳ ಮರ್ಯಾದೆಯ ಇಂಗ್ಲಿಷು. ನೀವು ಅರ್ಜಿಯೊಂದಿಗೆ ಕಳಿಸಿದ ಜೀವನವೃತ್ತಾಂತವು, ನಿಮ್ಮದೇ ತಾಲೂಕಿನ ಇನ್ನೊಬ್ಬ ಅಭ್ಯರ್ಥಿ ನಿಮಗಿಂತ ಮೊದಲು ಕಳಿಸಿದ ಜೀವನವೃತ್ತಾಂತದೊಡನೆ ಹೆಚ್ಚುಕಡಿಮೆ ಪೂರ್ತಿ ಹೊಂದಿಕೆಯಾಗುತ್ತದೆ. ಇನ್ನೊಬ್ಬರ ಬದುಕನ್ನು ತಮ್ಮದೆಂದು ಹೇಳಿಕೊಳ್ಳುವುದನ್ನು ನಮ್ಮ ಸಂಸ್ಥೆ ಗಂಭೀರ ಅಪರಾಧವೆಂದು ತಿಳಿಯುತ್ತದೆ. ದಯವಿಟ್ಟು ವಿವರಣೆ ಕೊಡಿ.

"ಏನಂತ?" ಅಂದಳು ಭೀಮಾಬಾಯಿ. ಮಗಳ ಮುಖ ನೋಡಿಯೇ ತಾಯಿಗೆ ಅರ್ಧ ತಿಳಿದಿತ್ತು.

"ನಾ ಒಬ್ಬರ ಬದುಕ ಕದ್ದೀನಂತ."

"ಯಾರದು?"

"ನಮ್ಮದ."

ಭೀಮಾಬಾಯಿ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನಮ್ಮದ ನಾವ ತಗೊಂಡ್ರ ಅದಕ್ಕ ಕಳುವು ಅಂತಾರೇನು?"

"ನಮಗಿಂತ ಮೊದಲ ಬ್ಯಾರೇದವರು ಕದ್ದಿದ್ರ ಅಂತಾರಬೇ."

ಕೃಷ್ಣೆಯ ಆಚೆ ದಂಡೆಯಲ್ಲಿ ಇವರನ್ನು ಧನಗರರು ಅನ್ನುತ್ತಾರೆ, ಈಚೆ ದಂಡೆಯಲ್ಲಿ ಕುರುಬರು. ಎರಡೂ ದಂಡೆಯವರು ಇವರ ಕುರಿಗಳನ್ನು ತಮ್ಮ ಹೊಲದಲ್ಲಿ ಕೂಡಿಸಿಕೊಳ್ಳಲು ಕಾಯುತ್ತಾರೆ. ಬೆಳೆ ತೆಗೆದ ಹೊಲದಲ್ಲಿ ಗೂಟ ಹೊಡೆದು, ಬಲೆ ಸುತ್ತಿ ಹಟ್ಟಿ ಹಾಕಿ, ಮಾತಾದಷ್ಟು ದಿನ ಕುರಿಗಳನ್ನು ರಾತ್ರಿ ಅಲ್ಲೇ ಮಲಗಿಸಬೇಕು. ಹಿಕ್ಕೆ ಗಂಜಲ ಹೊಲಕ್ಕೆ, ಜೋಳ ಕುರುಬನಿಗೆ. ಬೀರದೇವ ಹುಟ್ಟಿದಾಗಿನಿಂದ ಮಾಡಿದ್ದು ಇದನ್ನೇ. ಅವನ ಮಗಳು ಸುಜಾತಾ ಮಾತ್ರ ಹಾಸ್ಟೆಲಿನಲ್ಲಿ ಇದ್ದು, ಚಿಕ್ಕೋಡಿಯಲ್ಲಿ ಬಿಎಸ್ಸಿ ಮುಗಿಸಿ, ಕುರಿ ಮತ್ತು ಹುಲ್ಲುಗಾವಲಿನ ಬಗ್ಗೆ ಇನ್ನೂ ಕಲಿಯಬೇಕು ಅಂತ ಹಟ ಹಿಡಿದಿದ್ದಳು. ಕುರಿ ಬಗ್ಗೆ ಕಲಿಯಲು ಪರದೇಶಕ್ಕೆ ಹೋಗಬೇಕೆ ಎಂದು ಬೇರೆ ಹಿಂಡಿನ ಕುರುಬರೆಲ್ಲ ನಕ್ಕಿದ್ದರು. ಹುಲ್ಲು ಯಾಕೆ ಹಿಂದಿನಂತೆ ಹುಟ್ಟುತ್ತಿಲ್ಲ ಎಂದು ಅವಳು ಕೇಳಿದಾಗ ಉತ್ತರ ಗೊತ್ತಿಲ್ಲದೆ ನಗು ನಿಲ್ಲಿಸಿದ್ದರು.

ಚಿಕ್ಕೋಡಿಯಲ್ಲಿ ಬೇಕರಿಯ ಮೇಲಿನ ಮಾಳಿಗೆಯಲ್ಲಿ ಸರಿತಾ ಮೇಡಂ ಅವರ ಆಫೀಸಿತ್ತು. ಪರದೇಶದ ಕಾಲೇಜಿಗೆ ಅರ್ಜಿ ಹಾಕಿಸುವ ಆಫೀಸು. ಗೋಡೆಗೆ ಲಂಡನ್, ಟೊರಾಂಟೊ, ಸಿಡ್ನಿ ಎಂದು ಮೂರು ಗಡಿಯಾರ. ಮೂರರಲ್ಲೂ ಸೆಲ್ ಮುಗಿದು ಮೂರೂ ಊರಲ್ಲಿ ಕಾಲ ನಿಂತಿತ್ತು. ಕೆಳಗಿನಿಂದ ಪಪ್ಸಿನ ವಾಸನೆ ಬರುತ್ತಿತ್ತು. ಮೇಡಂ ಒಂದು ಹಿಡಿ ಬಣ್ಣದ ಪುಸ್ತಿಕೆ ಕೊಟ್ಟು, "ಮನ್ಯಾಗ ಡಿಸ್ಕಸ್ ಮಾಡು," ಅಂದಿದ್ದರು.

ಊರಲ್ಲಿ ಒಂದು ಕೋಣೆಯಿದ್ದರೂ ಅದಕ್ಕೆ ಸದಾ ಕೀಲಿ. ಮನೆ ಅಂದರೆ ಹಟ್ಟಿ. ಡಿಸ್ಕಸ್ ಮಾಡಿದ್ದು ಭೀಮಾಬಾಯಿ. ಅಕ್ಷರ ಬಾರದವಳು ಪುಸ್ತಿಕೆಗಳನ್ನು ಒಂದೊಂದೇ ಬಿಸಿಲಿಗೆ ಹಿಡಿದು ನೋಡಿದಳು.

"ಇದು ಬ್ಯಾಡ. ಕುರಿನ ಇಲ್ಲ. ಬರೇ ಮಂದಿ ನಗಾಕತ್ತಾರ. ಇಷ್ಟ ಮಂದಿ ಕೂಡಿ ಹಲ್ಲ ತಗದಾರಂದ್ರ ಏನೋ ಮಾರಾಕ ಕುಂತಾರ."

"ಇದು ಭಾಳ ದೊಡ್ಡ ಸಾಲಿ ಬೇ."

"ಇರಲಿ. ಇದೂ ಬ್ಯಾಡ. ಈ ಕುರಿ ಹಿಂದಿನ ಕಾಲ ಎತ್ತಿ ನಿಂತೈತಿ ನೋಡು. ಗೊರಸ ಕೊಳತೈತಿ. ಫೋಟೋ ತಗಿಯೂ ದಿನಾನೂ ನೋಡಿಲ್ಲಂದ್ರ ಉಳದ ದಿನ ಏನ ನೋಡ್ತಾರ?"

ಕಡೆಗೆ ಸ್ಕಾಟ್ಲೆಂಡಿನದು ಪಾಸಾಯಿತು. ಕುರಿಗಳ ಬೆನ್ನು ನೆಟ್ಟಗಿದ್ದವು. ಹುಲ್ಲನ್ನು ಬೋಳು ಮೇಯಿಸಿರಲಿಲ್ಲ. ಅದರ ರ್‍ಯಾಂಕು ಬಹಳ ಕೆಳಗಿದೆ ಎಂದು ಸುಜಾತಾ ಹೇಳಿದಾಗ, "ರ್‍ಯಾಂಕ ಕುರಿ ಕೊಟ್ಟಿಲ್ಲಲ್ಲ," ಅಂದಳು ಭೀಮಾಬಾಯಿ. ಆ ಪುಸ್ತಿಕೆಯ ಕೊನೆಯ ಪುಟದಲ್ಲೇ ಇನ್ನೊಂದು ಸಂಗತಿ ಇತ್ತು. ಕುರಿ ಮೇಯಿಸುವ ಮನೆತನದ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರಿಗೆ ಓದು, ಊಟ, ವಿಮಾನ ಎಲ್ಲ ಪುಕ್ಕಟೆ. ಅರ್ಜಿಯಲ್ಲಿ ತಮ್ಮ ಬದುಕಿನ ಬಗ್ಗೆ ಎರಡು ಪುಟ ಬರೆಯಬೇಕು. ಸುಜಾತಾಳ ಪಾಲಿಗೆ ದಾರಿ ಇದೊಂದೇ.

ಸರಿತಾ ಮೇಡಂ, "ಮೊದಲ ಕೈಲೆ ಬರದ ಕೊಡು, ನಾ ತಿದ್ದಿ ಕಳಸ್ತೀನಿ," ಅಂದರು. ಫೀ ಬೇಡ ಅಂದರು. ಸುಜಾತಾ ಹಟ್ಟಿಯಲ್ಲಿ ಕೂತು ಬರೆದಳು. ಮಳೆಗಾಲದಲ್ಲಿ ಮೇವು ಹುಡುಕಿ ಹೊರಟಾಗ ದಾರಿಯಲ್ಲಿ ತಾನು ಹುಟ್ಟಿದ್ದು. ಅಜ್ಜಿ ಕೃಷ್ಣೆಯ ಮಹಾಪೂರದಲ್ಲಿ ಮರಿ ಉಳಿಸಲು ಹೋಗಿ ಮುಳುಗಿದ್ದು. ಶಾಲೆಗೆ ಸೇರಿಸುವಾಗ, ಯಾವ ಊರು ಅಂದರೆ ಅಪ್ಪ ಹೇಳಲು ತಡವರಿಸಿದ್ದು. ಹೊಲದವರು ಬೊಗಸೆಗೆ ಮೇಲಿಂದ ನೀರು ಸುರಿಯುವಾಗ ಮೊಣಕೈಯಿಂದ ಇಳಿದು ಅಂಗಿ ತೋಯುವುದು. ಕುರಿಯೊಂದು ಕಬ್ಬಿಗೆ ಬಾಯಿ ಹಾಕಿದ್ದಕ್ಕೆ ಅಪ್ಪನನ್ನು ಬೇವಿನ ಮರಕ್ಕೆ ಕಟ್ಟಿದ್ದು. ಕಟ್ಟಿದ ಹಗ್ಗ ತಮ್ಮದೇ ಕುರಿಯ ಉಣ್ಣೆಯದು. ಅದನ್ನೂ ಬರೆದಳು.

ಮೇಡಂ ಓದಿ ಕಣ್ಣೊರೆಸಿಕೊಂಡರು. "ಏನ ಕಷ್ಟ ಐತಿ ಮಾರಾಯ್ತಿ. ಫಸ್ಟ್ ಕ್ಲಾಸ್," ಅಂದರು.

ಅದೇ ವಾರ ಅದೇ ಆಫೀಸಿಗೆ ರಾವಸಾಹೇಬರು ಬಂದರು. ಐನಾಪುರದಾಚೆಯ ಹುಣಸಿವಾಡಿಯ ರಾವಸಾಹೇಬರು ಕಬ್ಬು, ದ್ರಾಕ್ಷಿ ಎರಡರಲ್ಲೂ ಗಟ್ಟಿ ಕುಳ. ಬೀರದೇವನ ಹಟ್ಟಿ ಆಗ ಇದ್ದದ್ದು ಅವರದೇ ಹೊಲದಲ್ಲಿ. ಹೊಸ ದ್ರಾಕ್ಷಿ ಹಚ್ಚಲು ನೆಲ ತಯಾರು ಮಾಡಿಸುತ್ತಿದ್ದರು. ಅವರ ಮಗ ರೋಹನ ಡಿಗ್ರಿಯನ್ನು ಎಳೆದೂ ಎಳೆದೂ ಮುಗಿಸಿದ್ದ. ನಿಪ್ಪಾಣಿಯ ಬೀಗರ ಹುಡುಗ ಪರದೇಶಕ್ಕೆ ಹೋದ ಮೇಲೆ ರೋಹನ ಹುಣಸಿವಾಡಿಯಲ್ಲೇ ಉಳಿಯುವುದು ಮನೆತನಕ್ಕೆ ಕಡಿಮೆಯಾಗಿತ್ತು.

"ಮಾರ್ಕ್ಸ್ ಇಲ್ರಿ," ಅಂದರು ಮೇಡಂ. "ಆದ್ರ ಈಗ ಅಲ್ಲಿ ಮಾರ್ಕ್ಸಿಗಿಂತ ಕಷ್ಟ ನೋಡ್ತಾರ್ರಿ. ರೋಹನಗ ಕಷ್ಟ ಒಂದ ಕಡಿಮಿ ಐತಿ."

ರಾವಸಾಹೇಬರಿಗೆ ಅವಮಾನವಾಯಿತು. "ನಮ್ಮನ್ಯಾಗ ಯಾವುದೂ ಕಡಿಮಿ ಇಲ್ಲ. ಕಷ್ಟ ಎಷ್ಟ ಬೇಕು ಹೇಳ್ರಿ, ತರಸೋಣು."

ತರಿಸುವುದು ಅವರಿಗೆ ಹೊಸದಲ್ಲ. ಡ್ರಿಪ್ಪಿಗೆ ಸಬ್ಸಿಡಿ ತಂದಿದ್ದರು, ದ್ರಾಕ್ಷಿ ಒಣಗಿಸುವ ಮನೂಕಿ ಶೆಡ್ಡಿಗೆ ತಂದಿದ್ದರು, ಒಂದೂ ಆಡಿಲ್ಲದೆ ಆಡು ಸಾಕಣೆಗೆ ತಂದಿದ್ದರು. ಆಡು ತೋರಿಸಲು ಆಗ ಬೀರದೇವನ ಹಿಂಡಿನಿಂದ ಎರವಲು ಒಯ್ದಿದ್ದು. ಕುರಿಗೂ ಆಡಿಗೂ ಭೇದ ಮಾಡುವಷ್ಟು ಪುರಸೊತ್ತು ಅಂದು ಬಂದ ಅಧಿಕಾರಿಗೆ ಇರಲಿಲ್ಲ. ಅಂಥ ಮನುಷ್ಯನಿಗೆ, ಮೇಜಿನ ಮೇಲೆ ತಯಾರಾಗಿ ಬಿದ್ದ ಎರಡು ಪುಟ ಕಷ್ಟ ಬಿಟ್ಟು ಬರಲು ಹೇಗೆ ಮನಸ್ಸಾದೀತು.

ಹೀಗೆ ಸುಜಾತಾಳ ಬದುಕು ರೋಹನನ ಹೆಸರಿನಲ್ಲಿ ಮೊದಲು ಹೋಯಿತು. ಅವಳದು ಅವಳ ಹೆಸರಿನಲ್ಲಿ ಆಮೇಲೆ ಹೋಯಿತು. ಎರಡನ್ನೂ ಕಳಿಸಿದ್ದು ಒಂದೇ ಕೈ.

ಪತ್ರ ಬಂದ ಮರುದಿನ ಸುಜಾತಾ ಮಾಳಿಗೆ ಹತ್ತಿ ಮೇಡಂ ಎದುರು ನಿಂತಳು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ.

"ಅವರದು ಪ್ಲ್ಯಾಟಿನಂ ಪ್ಯಾಕೇಜ ಐತಿ, ನಿಂದು ಫ್ರೀ. ನೀನ ಹೇಳು, ಯಾರದ ಮೊದಲ ಕಳಸೂದು?"

"ನನ್ನ ಬದುಕರಿ ಅದು."

"ಯಾರ ಅಲ್ಲ ಅಂದ್ರು? ಅದಕ್ಕ ಹೇಳಾಕತ್ತೀನಿ, ನೀ ಇನ್ನೊಂದ ಬರಿ. ನಿಮ್ಮಲ್ಲೇನು ಕಷ್ಟಕ್ಕ ಬರ ಐತೇನ?" ಮೇಡಂ ಪಪ್ಸ್ ಮುರಿದು ಅರ್ಧ ಅವಳ ಕಡೆ ಸರಿಸಿದರು. "ಇಲ್ಲಂದ್ರ ರೋಹನಂದ ತಗೊ. ಅವನ ಬದುಕ ಖಾಲಿ ಬಿದ್ದೈತಿ. ಯಾರೂ ಉಪಯೋಗ ಮಾಡಿಲ್ಲ."

ಸುಜಾತಾ ಪಪ್ಸ್ ಮುಟ್ಟಲಿಲ್ಲ. ಸಂಜೆ ಅಪ್ಪನನ್ನು ಕರೆದುಕೊಂಡು ರಾವಸಾಹೇಬರ ಮನೆಗೆ ಹೋದಳು. ಬೀರದೇವ ಚಪ್ಪಲಿ ಬಿಡುವ ಜಾಗದಲ್ಲಿ ಕೂತ. ಅವನ ಜಾಗ ಅದು. ಸುಜಾತಾ ಕೂಡಲಿಲ್ಲ. ಒಳಗೆ ರಾವಸಾಹೇಬರ ತಾಯಿ ಲಕ್ಕವ್ವ ತೂಗುಮಂಚದ ಮೇಲೆ ಕೂತು ಟೀವಿಯಲ್ಲಿ ಮರಾಠಿ ಧಾರಾವಾಹಿ ನೋಡುತ್ತಿದ್ದಳು. ರೋಹನ ಒಂದು ಸಲ ಇಣುಕಿ, ಸುಜಾತಾಳನ್ನು ಕಂಡು, ಮತ್ತೆ ಮಾಯವಾದ.

"ನಿನ್ನ ಬದುಕ ಎಲ್ಲಿ ಹೋತು?" ಅಂದರು ರಾವಸಾಹೇಬರು. "ನಿನ್ನ ಹತ್ರನ ಐತೆಲ್ಲ. ನಾವ ತಗೊಂಡಿದ್ದು ಝೆರಾಕ್ಸ."

"ಝೆರಾಕ್ಸ ಮುಂದ ಹೋಗಿ ಕುಂತೈತ್ರಿ. ಅಸಲಿಗೆ ಕಳ್ಳಿ ಅನ್ನಾಕತ್ತಾರ."

"ಬೀರದೇವ, ನಿನ್ನ ಮಗಳಿಗೆ ಹೇಳು. ನಮ್ಮ ಹೊಲದಾಗ ಹಟ್ಟಿ ಐತಿ."

"ಹೌದ್ರಿ ಸಾವ್ಕಾರ್ರ," ಅಂದ ಬೀರದೇವ. ಅವನು ಹುಟ್ಟಿನಿಂದ ಹೇಳುತ್ತ ಬಂದದ್ದು ಆ ಎರಡು ಶಬ್ದ.

"ಅದರಾಗ ಏನ ಬರದೈತಿ, ಓದೀರೇನ್ರಿ?" ಅಂದಳು ಸುಜಾತಾ.

"ಇಂಗ್ಲಿಷ್ ಐತಿ. ಛಲೋನ ಇರಬೇಕು."

"ಅವನ ಅಜ್ಜಿ ಮಹಾಪೂರದಾಗ ಕುರಿಮರಿ ಉಳಸಾಕ ಹೋಗಿ ಸತ್ಲು ಅಂತ ಐತ್ರಿ."

ಲಕ್ಕವ್ವ ಟೀವಿಯ ದನಿ ಕಡಿಮೆ ಮಾಡಿದಳು. "ಯಾರ ಸತ್ರು?"

"ನೀವರೀ ಆಯೀ."

"ಯಾವಾಗ?"

"ಮಹಾಪೂರದಾಗ್ರಿ."

ಲಕ್ಕವ್ವ ಮಗನ ಕಡೆ ತಿರುಗಿದಳು. "ಸತ್ತಾಕಿಗೆ ಬಿಪಿ ಗುಳಿಗಿ ಯಾಕ ತಂದ ಕೊಡ್ತಿಲೇ? ಬಂದ ಮಂದಿಗೆ ಏನ ಹೇಳ್ಲಿ ನಾ?"

"ನೀ ಸುಮ್ಮ ಕುಂದರು ಆಯೀ, ಕಾಗದದಾಗ ಅಷ್ಟ," ಅಂದರು ರಾವಸಾಹೇಬರು.

ಸುಜಾತಾ ಬಿಡಲಿಲ್ಲ. "ಇನ್ನೊಂದ ಐತ್ರಿ. ಒಬ್ಬ ಹೊಲದ ಮಾಲಕ ಅದಾನ. ಕುರಿ ಕೂಡಸ್ಕೊಂಡು ಗೊಬ್ಬರ ತಗೋತಾನ. ನೀರ ಕೇಳಿದ್ರ ಬೊಗಸಿಗೆ ಮ್ಯಾಲಿಂದ ಹಾಕಸ್ತಾನ. ಕುರಿ ಎರಡ ಗರಿ ಕಬ್ಬ ತಿಂದ್ರ ಅಪ್ಪನ್ನ ಬೇವಿನ ಗಿಡಕ್ಕ ಕಟ್ಟಸ್ತಾನ. ಮಗಳ ಮುಂದ ಹೊಡಸ್ತಾನ."

ರಾವಸಾಹೇಬರ ಮುಖ ಕೆಂಪಾಯಿತು. ನಿಜವಾಗಿ ಹೊಟ್ಟೆ ಉರಿದಂತೆ ಕಂಡಿತು. ತಮ್ಮ ಮಗ ಪಟ್ಟ ಕಷ್ಟವಲ್ಲವೇ.

"ಯಾವ ಭಾಡ್ಯಾ ಅಂವ?"

"ನೀವರಿ."

ಟೀವಿಯಲ್ಲಿ ಯಾರೋ ಸೊಸೆ ಅಳುತ್ತಿದ್ದಳು. ಬೀರದೇವ ತನ್ನ ಕಾಲಬೆರಳು ನೋಡಿಕೊಂಡ. ಅವನ ಎಡ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇನ್ನೂ ಇತ್ತು. ಅದನ್ನು ಬಲಗೈಯಿಂದ ಮುಚ್ಚಿಕೊಂಡ, ತಾನೇ ತಪ್ಪು ಮಾಡಿದವನಂತೆ. ರಾವಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

"ಹೆಸರ ಹಾಕಿಲ್ಲಲ್ಲ?"

"ಇಲ್ರಿ."

"ಹಂಗಾದ್ರ ಇರಲಿ," ಅಂದರು.

ಸುಜಾತಾ ವಿಶ್ವವಿದ್ಯಾಲಯಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆದಳು. ಅಲ್ಲಿಂದ ಎರಡನೆಯ ಪತ್ರ ಬಂತು. ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಯಾರ ಬದುಕು ಯಾರದೆಂದು ತೀರ್ಮಾನಿಸಲು ಇಬ್ಬರೂ ಸ್ಥಳೀಯ ಆಡಳಿತದಿಂದ ಪ್ರಮಾಣಪತ್ರ ಕಳಿಸಿ. ನಂತರ ಒಂದೇ ದಿನ, ಒಬ್ಬರಾದ ಮೇಲೊಬ್ಬರು, ನಿಮ್ಮ ಹಿಂಡಿನೊಂದಿಗೆ ವಿಡಿಯೋದಲ್ಲಿ ಮಾತಾಡಿ.

ಪಂಚಾಯ್ತಿಯ ಕಾರ್ಯದರ್ಶಿ ಧೂಳಪ್ಪ ನ್ಯಾಯವಂತ ಮನುಷ್ಯ ಎಂದು ತನ್ನನ್ನು ತಾನು ನಂಬಿದವನು. ಸುಜಾತಾ ಹೋಗುವ ಮೊದಲೇ ರೋಹನನಿಗೆ ಪತ್ರ ಬರೆದುಕೊಟ್ಟಿದ್ದ. ಹುಟ್ಟಿದಾರಭ್ಯ ಕುರಿ ಕಾಯುವ ವೃತ್ತಿಯಲ್ಲಿದ್ದಾನೆ ಎಂದು ದುಂಡು ಸಿಕ್ಕೆ ಒತ್ತಿದ್ದ.

"ನಮಗೂ ಒಂದ ಕೊಡ್ರಿ."

"ಹ್ಯಾಂಗ ಕೊಡ್ಲೆವ್ವ? ನಾ ಪಂಚನಾಮೆಗೆ ಬಂದಾಗ ನಿಮ್ಮ ಮನಿ ಕೀಲಿ ಹಾಕಿತ್ತು."

"ಕುರಿ ಹಿಂದ ಹೋಗಿದ್ವಿರಿ."

"ಅದನ್ನ ನಾನೂ ಹೇಳೂದು. ಕುರಿ ಹಿಂದ ಹೋಗವರು ಊರಾಗ ಇರಂಗಿಲ್ಲ. ಊರಾಗ ಇರಲಾರದವರನ್ನ ಈ ಊರಿನ ಕುರಿಗಾರರು ಅಂತ ನಾ ಹ್ಯಾಂಗ ಬರೀಲಿ? ರೋಹನ ದಾದಾ ಊರ ಬಿಟ್ಟ ಹೋಗೇ ಇಲ್ಲ. ಯಾವಾಗ ಹೋದ್ರೂ ಮನ್ಯಾಗ ಮಲಗಿರ್ತಾನ. ಕಾಯದೆಕ್ಕ ಅಂವ ಸಿಗ್ತಾನ, ನೀವು ಸಿಗಂಗಿಲ್ಲ."

"ಅವರ ಹತ್ರ ಕುರಿ ಒಂದೂ ಇಲ್ರಿ."

"ಅವರ ಹೊಲದಾಗ ಅದಾವಲ್ಲ," ಅಂದ ಧೂಳಪ್ಪ. ಕಿಟಕಿಯಿಂದ ಬೀರದೇವನ ಹಟ್ಟಿ ಕಾಣುತ್ತಿತ್ತು. ಅದನ್ನೇ ಬೆರಳು ಮಾಡಿ ತೋರಿಸಿದ.

ವಿಡಿಯೋದ ದಿನ ಬಂತು. ಮಧ್ಯಾಹ್ನಕ್ಕೇ ಹಟ್ಟಿಯ ಹತ್ತಿರ ರಾವಸಾಹೇಬರ ಜೀಪು ಬಂದು ನಿಂತಿತು. ಸರಿತಾ ಮೇಡಂ ಮೂರು ಕಾಲಿನ ಸ್ಟ್ಯಾಂಡು, ಅದರ ತಲೆಗೆ ಮೊಬೈಲು ಸಿಕ್ಕಿಸಿಕೊಂಡು ಇಳಿದರು. ಕುರಿಗಳನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಎಲ್ಲಾ ಕರೇವ ಅದಾವಲ್ಲ. ಬಿಳೇವು ಇಲ್ಲೇನ?"

"ಈ ಕಡೆ ಹಿಂಗ ಇರ್ತಾವ್ರಿ," ಅಂದ ಬೀರದೇವ.

ಮೇಡಂ ಚೀಲದಿಂದ ಸೆಂಟಿನ ಬಾಟಲಿ ತೆಗೆದು ಮುಂದಿನ ಸಾಲಿನ ಕುರಿಗಳಿಗೆ ಹೊಡೆದರು. ವಾಸನೆ ವಿಡಿಯೋದಲ್ಲಿ ಹೋಗುವುದಿಲ್ಲ ಎಂದು ಸುಜಾತಾ ಹೇಳಿದಳು. "ನನಗ ಹೋಗತೈತಲ್ಲ," ಅಂದರು ಮೇಡಂ. ಮಲ್ಲಿಗೆಯ ಘಮಕ್ಕೆ ಕುರಿಗಳು ಸಾಲಾಗಿ ಸೀನಿದವು.

ರಾವಸಾಹೇಬರು ಜಾಗ ಹಂಚಿದರು. ರೋಹನ ನಡುವೆ ನಿಲ್ಲಬೇಕು. ಬೀರದೇವ, ಭೀಮಾಬಾಯಿ ಒಡ್ಡಿನ ಹಿಂದೆ ಕೂಡಬೇಕು, ತಲೆ ಕಾಣಬಾರದು. ಸುಜಾತಾ ಸ್ಟ್ಯಾಂಡಿನ ಬುಡದಲ್ಲಿ ನೆಲಕ್ಕೆ ಕೂತು, ಅವರು ಕೇಳಿದ್ದಕ್ಕೆ ಉತ್ತರವನ್ನು ರೋಹನನಿಗೆ ಪಿಸುಗುಟ್ಟಬೇಕು.

"ನಂದರೀ?" ಅಂದಳು ಸುಜಾತಾ. "ಅವನ ಆದ ಮ್ಯಾಲೆ ನಂದೂ ಐತಿ."

"ಅವನದ ಮುಗೀಲಿ. ಆಮ್ಯಾಲೆ ನೀನೂ ಇಲ್ಲೇ ನಿಂತ ಮಾತಾಡು. ಕುರಿ ಬ್ಯಾಡ ಅನ್ನಂಗಿಲ್ಲ ನಾ," ಅಂದರು ರಾವಸಾಹೇಬರು ದೊಡ್ಡ ಮನಸ್ಸಿನಿಂದ.

ರೋಹನ ಜೀನ್ಸಿನ ಮೇಲೆ ಬೀರದೇವನ ಕಂಬಳಿ ಹೊದ್ದ. ಕಂಬಳಿ ಕಡಿಯುತ್ತಿತ್ತು. ಅವನು ಕತ್ತು ತುರಿಸಿಕೊಳ್ಳುತ್ತ, ಯಾರಿಗೂ ಕೇಳದಂತೆ, "ನನಗೂ ಇದ ಬ್ಯಾಡಾಗಿತ್ತ ಸುಜಾತಾ," ಅಂದ. "ಹಂಗಂತ ನಿಮ್ಮಪ್ಪಗ ಹೇಳು," ಅಂದಳು ಸುಜಾತಾ. ಅವನು ಅಪ್ಪನ ಕಡೆ ನೋಡಿ ಕಂಬಳಿ ಸರಿ ಮಾಡಿಕೊಂಡ.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. "ಏನೋ ಕಡಿಮಿ ಐತಿ," ಅಂದರು. ಆಮೇಲೆ ಬೀರದೇವನ ತಲೆ ಕಂಡಿತು. "ಹಾಂ. ರುಮಾಲು. ಕಾಕಾ, ಅದನ್ನ ಬಿಚ್ಚಿ ಕೊಡ್ರಿ."

ಬೀರದೇವನ ಕೈ ತಲೆಗೆ ಹೋಯಿತು. ರುಮಾಲನ್ನು ಅವನು ತಂದೆ ಸತ್ತ ದಿನ ಬಿಚ್ಚಿದ್ದ. ಮರಕ್ಕೆ ಕಟ್ಟಿ ಹೊಡೆದ ದಿನ ಅದು ತಾನೇ ಬಿದ್ದಿತ್ತು. ಮೂರನೆಯ ಸಲ ಯಾರೂ ಕೇಳಿರಲಿಲ್ಲ. ಕೈ ಅಲ್ಲೇ ನಿಂತಿತು. ಬಿಚ್ಚಲೂ ಇಲ್ಲ, ಕೆಳಗೂ ಬರಲಿಲ್ಲ.

"ಲಗೂ," ಅಂದರು ರಾವಸಾಹೇಬರು.

ಬೀರದೇವನ ಬೆರಳು ರುಮಾಲಿನ ತುದಿ ಹುಡುಕತೊಡಗಿತು.

ಸುಜಾತಾ ಎದ್ದಳು. ನಾಲ್ಕು ಹೆಜ್ಜೆ ನಡೆದು ಹಟ್ಟಿಯ ಮೂಲೆಯ ಗೂಟಕ್ಕೆ ಎರಡೂ ಕೈ ಹಾಕಿದಳು. ಗೂಟ ಆಳಕ್ಕೆ ಇಳಿದಿತ್ತು. ಕಾಲು ಊರಿ, ಸೊಂಟ ಬಗ್ಗಿಸಿ ಅಲ್ಲಾಡಿಸಿದಳು. ಅಂಗೈ ಸುಲಿಯಿತು. ಗೂಟ ಕಿತ್ತು ಬಂತು. ಬಲೆ ಸಡಿಲಾಗಿ ನೆಲಕ್ಕೆ ಬಿತ್ತು.

ಮಾತಾದ ದಿನ ಮುಗಿಯುವ ಮೊದಲು ಹಟ್ಟಿ ಎತ್ತಬಾರದು. ಅದು ಈ ಕಸುಬಿನ ಕಟ್ಟು. ಮಳೆ ಬರಲಿ, ತೋಳ ಬರಲಿ, ಮನೆಯಲ್ಲಿ ಹೆಣ ಬೀಳಲಿ, ಹೊಡೆದ ಗೂಟ ಹೊಡೆದದ್ದೇ. ಅರ್ಧಕ್ಕೆ ಎತ್ತಿದವನನ್ನು ಆಮೇಲೆ ಯಾವ ಹೊಲದವನೂ ಕರೆಯುವುದಿಲ್ಲ. ಕೃಷ್ಣೆಯ ಎರಡೂ ದಂಡೆಗೆ ಸುದ್ದಿ ಕುರಿಗಿಂತ ಮೊದಲು ಮುಟ್ಟುತ್ತದೆ. ಇದು ಬೀರದೇವನಿಗೆ ಗೊತ್ತು, 'ಹೇ' ಎಂದು ಕೈ ಚಾಚಿದ. ರಾವಸಾಹೇಬರಿಗೂ ಗೊತ್ತು, ಅವರು ನಗತೊಡಗಿದರು.

"ಎತ್ತವ್ವ, ಎತ್ತು. ನಾಳೆ ಎಲ್ಲಿ ಹೊಡಿತೀರಿ? ನನ್ನ ತಲಿ ಮ್ಯಾಲ ಹೊಡಿತೀರೇನ?"

ಬೀರದೇವ ಮಗಳ ಅಂಗೈ ನೋಡಿದ. ರುಮಾಲಿನ ಸಡಿಲಾದ ತುದಿಯನ್ನು ಒಳಗೆ ಸಿಕ್ಕಿಸಿಕೊಂಡ. ಎರಡನೆಯ ಗೂಟ ಅವನೇ ಕಿತ್ತ. ಅವನು ಕೀಳುವುದು ಅವಳಂತಲ್ಲ, ಒಂದೇ ತಿರುವು. ಭೀಮಾಬಾಯಿ ಆಗಲೇ ಒಲೆಗೆ ನೀರು ಸುರಿದು, ಪಾತ್ರೆಗಳನ್ನು ಸಾಮಾನು ಹೊರುವ ಕುದುರೆಯ ಬೆನ್ನಿಗೆ ಏರಿಸುತ್ತಿದ್ದಳು. ಹೋಗುವಾಗ ರೋಹನನ ಹೆಗಲಿನಿಂದ ಕಂಬಳಿ ಎಳೆದುಕೊಂಡಳು. "ಕಡಿತೈತಲ್ಲ, ಕೊಡಪಾ," ಅಂದಳು.

ಹಿಂಡು ಡಾಂಬರು ರಸ್ತೆಗೆ ಏರಿತು. ಇದು ಹೆದರಿಸುವ ಆಟವಲ್ಲ ಎಂದು ರಾವಸಾಹೇಬರಿಗೆ ಮನವರಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಜೀಪನ್ನು ಹಿಂಡಿನ ಪಕ್ಕಕ್ಕೆ ತಂದು, ಕುರಿಯ ನಡಿಗೆಯಲ್ಲೇ ಓಡಿಸುತ್ತ ಕಿಟಕಿಯಿಂದ ಮಾತಾಡಿದರು. ಮೊದಲು ತಾಲೂಕಿನಲ್ಲಿ ಎಲ್ಲಿಯೂ ನೀರು ಸಿಗದ ಹಾಗೆ ಮಾಡುವೆ ಅಂದರು. ಆಮೇಲೆ ಜೋಳ ಹೆಚ್ಚಿಗೆ ಅಳೆಸುವೆ ಅಂದರು. ಯಾರೂ ತಿರುಗಿ ನೋಡಲಿಲ್ಲ.

"ಹೋಗ್ಲಿ ಬೀರದೇವ, ಒಂದ ಇಪ್ಪತ್ತ ಕುರಿ ಆದ್ರೂ ಬಿಡು. ಹುಡುಗನ ಕಷ್ಟ ಅರ್ಧಕ್ಕ ನಿಂತೈತಿ."

"ಇಲ್ರಿ ಸಾವ್ಕಾರ್ರ."

ಬೀರದೇವ ತಾನು ಹೇಳಿದ್ದು ತನಗೇ ಕೇಳಿ ಒಂದು ಗಳಿಗೆ ನಿಂತ. ಆಮೇಲೆ ಮತ್ತೆ ನಡೆದ.

"ಎರಡ ಕೊಡು. ಒಂದ ಕೊಡು. ಮರಿ ಆದ್ರೂ ನಡೀತೈತಿ."

ಅಷ್ಟರಲ್ಲಿ ಮೇಡಂ ಫೋನು ಬಂತು. ಸ್ಕಾಟ್ಲೆಂಡಿನವರು ಲೈನಿಗೆ ಬಂದಿದ್ದಾರಂತೆ. ಜೀಪು ತಿರುಗಿ ಧೂಳೆಬ್ಬಿಸಿ ಹೊಲದ ಕಡೆ ಓಡಿತು.

ಅರ್ಧ ಗಂಟೆಯ ಮೇಲೆ ಸುಜಾತಾಳ ಮೊಬೈಲು ರಿಂಗಾಯಿತು. ಅವಳು ರಸ್ತೆಯ ಅಂಚಿನಲ್ಲಿ ಹಿಂಡಿನ ಜೊತೆ ನಡೆಯುತ್ತಲೇ ಎತ್ತಿದಳು. ಪರದೆಯಲ್ಲಿ ಮೂವರು. ನಡುವಿನ ಹೆಂಗಸಿನ ಕಣ್ಣು ಕೆಂಪಾಗಿದ್ದವು.

"ತಡವಾದದ್ದಕ್ಕೆ ಕ್ಷಮಿಸಿ," ಅಂದಳು ಆಕೆ ತನ್ನ ಮರ್ಯಾದೆಯ ಇಂಗ್ಲಿಷಿನಲ್ಲಿ. "ಈಗಷ್ಟೇ ಒಬ್ಬ ತರುಣನೊಂದಿಗೆ ಮಾತಾಡಿದೆವು. ಅವನ ಹಿಂಡು ಇಂದೇ ಅವನ ಕೈಬಿಟ್ಟು ಹೋಗಿದೆ. ಖಾಲಿ ಹೊಲದಲ್ಲಿ ನಿಂತು ಅಳುತ್ತಿದ್ದ. ನನ್ನ ಮುಂದೆ ಏನೂ ಇಲ್ಲ, ತಂದೆ ನನ್ನನ್ನು ಕೊಲ್ಲುತ್ತಾರೆ ಎಂದ. ನಮ್ಮ ಸಮಿತಿ ಇಷ್ಟು ನಿಜವಾದ ದುಃಖವನ್ನು ಇದುವರೆಗೆ ಕಂಡಿರಲಿಲ್ಲ."

ಎಡಕ್ಕಿದ್ದ ಮುದುಕ ಕನ್ನಡಕ ಒರೆಸಿಕೊಂಡ. ಬಲಕ್ಕಿದ್ದವನು ಕೇಳಿದ, "ನಿಮ್ಮ ಹಿಂದೆ ಕಾಣುತ್ತಿರುವ ಕುರಿಗಳು ಯಾರವು?"

"ನಮ್ಮವು."

"ಆ ತರುಣನ ಕುರಿಗಳೂ ಕಪ್ಪು ಎಂದು ಬರೆದಿದ್ದಾನೆ."

"ಅವೂ ಇವೇ."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರ ದನಿ ಬಂದ್ ಆಯಿತು. ಬಾಯಿಗಳು ಮಾತ್ರ ಅಲ್ಲಾಡುತ್ತಿದ್ದವು. ಸುಜಾತಾ ಒಂದು ಮರಿಯನ್ನು ಚರಂಡಿಯಿಂದ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಾದಳು. ದನಿ ಮರಳಿ ಬಂತು.

"ನೀವು ಮುಚ್ಚಿಡದೆ ಒಪ್ಪಿಕೊಂಡದ್ದನ್ನು ಮೆಚ್ಚುತ್ತೇವೆ," ಅಂದಳು ಹೆಂಗಸು. "ಅವನ ಬಳಿ ಸ್ಥಳೀಯ ಆಡಳಿತದ ಪ್ರಮಾಣಪತ್ರವಿದೆ. ನಿಮ್ಮ ಬಳಿ ಇಲ್ಲ. ಆದರೂ ನಾವು ಯಾರಿಗೂ ಬಾಗಿಲು ಮುಚ್ಚುವುದಿಲ್ಲ. ಈ ಕುರಿಗಳನ್ನು ಅವನಿಗೆ ಹಿಂದಿರುಗಿಸಿ. ಆಗ ನಿಮ್ಮ ಮೇಲಿನ ಆರೋಪ ಕೈಬಿಡುತ್ತೇವೆ. ಮುಂದಿನ ವರ್ಷ ನಿಮ್ಮ ಅರ್ಜಿಯನ್ನು ಸಹಾನುಭೂತಿಯಿಂದ ನೋಡುತ್ತೇವೆ."

"ಏನಂತಾರ?" ಅಂದಳು ಭೀಮಾಬಾಯಿ.

"ಕುರಿ ಒಯ್ದು ಸಾವ್ಕಾರಗ ಕೊಟ್ರ ಮುಂದಿನ ವರ್ಷ ನನ್ನ ಅರ್ಜಿ ನೋಡ್ತಾರಂತ."

ಭೀಮಾಬಾಯಿ ಗಂಡನನ್ನು ಕೂಗಿ ಅದನ್ನು ಹೇಳಿದಳು. ಬೀರದೇವ ಹಿಂಡಿನ ಮುಂದಿದ್ದವನು ಹಿಂದೆ ಬಂದ. ಹಿಂಡನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನೋಡಿದ.

"ನಿನ್ನ ಕಲಿಕಿ ದೊಡ್ಡದವ್ವಾ," ಅಂದ. "ನೀ ಹೂಂ ಅಂದ್ರ ಕೊಡೂಣು."

ಅವನು ತಮಾಷೆ ಮಾಡುತ್ತಿರಲಿಲ್ಲ. ಕೊಟ್ಟು ಬಿಡುತ್ತಿದ್ದ. ಮರಿ, ಟಗರು, ಕುದುರೆ ಎಲ್ಲ ಒಯ್ದು ಆ ಖಾಲಿ ಹೊಲದಲ್ಲಿ ನಿಲ್ಲಿಸಿ, ಮಗಳು ಕಲಿಯಲಿ ಅಂತ, ಚಪ್ಪಲಿ ಬಿಡುವ ಜಾಗದಲ್ಲಿ ಹೋಗಿ ಮತ್ತೆ ಕೂಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಅಲ್ಲಿಯ ತನಕ ಒಳಗೆ ಹಿಡಿದಿದ್ದ ಆಸೆ, ಆ ಹುಲ್ಲು, ಆ ಹಸಿರು ಗುಡ್ಡ, ಅವಳ ಎದೆಯಿಂದ ಗೂಟದ ಹಾಗೆ ಕಿತ್ತು ಬಂತು. ನೋವಾಯಿತು. ಬಹಳ ನೋವಾಯಿತು.

ಅವಳು ಮೊಬೈಲನ್ನು ಮುಖದ ಹತ್ತಿರ ತಂದಳು. ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಒಂದೊಂದೇ ಮಾತು ಹೇಳಿದಳು.

"ಕೊಡುವುದಿಲ್ಲ. ಕುರಿ ಕೊಡುವುದಿಲ್ಲ. ವಿವರಣೆಯನ್ನೂ ಕೊಡುವುದಿಲ್ಲ. ನನ್ನ ಅಪ್ಪನನ್ನು ಕಟ್ಟಿ ಹೊಡೆಸಿದವನ ಮಗನಿಗೆ ನನ್ನ ಅಪ್ಪ ಹೊಡೆತ ತಿಂದದ್ದಕ್ಕಾಗಿ ನೀವು ಬಹುಮಾನ ಕೊಡುತ್ತಿದ್ದೀರಿ. ಕೊಡಿ. ಆದರೆ ಆ ಬದುಕು ಯಾರದು ಎಂದು ನನ್ನನ್ನು ಕೇಳಬೇಡಿ. ಅದನ್ನು ಕೇಳಲು ನೀವು ಯಾರು?"

"ನೀವು ಉದ್ವೇಗದಲ್ಲಿದ್ದೀರಿ," ಅಂದಳು ಹೆಂಗಸು. "ಒಂದು ಶಾಂತವಾದ ಜಾಗದಲ್ಲಿ ಕುಳಿತು—"

ಹಿಂದಿನಿಂದ ಹಾರ್ನು. ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರು, ಕಾರ್ಖಾನೆಯ ಪಾಳಿ ತಪ್ಪೀತೆಂದು ಓಡಿಬರುತ್ತಿತ್ತು. ಡ್ರೈವರು ಅರ್ಧ ಹೊರಗೆ ಬಾಗಿ ಕೂಗುತ್ತಿದ್ದ. "ಏ ಬಾಯೀ, ಕುರಿ ಬಾಜೂಕ ತಗೀ."

ಸುಜಾತಾ ಮೊಬೈಲನ್ನು ಬಂದ್ ಮಾಡದೆಯೇ ಓಢಣಿಯ ಗಂಟಿಗೆ ಸಿಕ್ಕಿಸಿದಳು. ಮರಿಯನ್ನು ತಾಯಿಗೆ ಕೊಟ್ಟಳು. ಅಪ್ಪನ ಕೈಯ ಕೋಲು ತೆಗೆದುಕೊಂಡು ರಸ್ತೆಯ ನಟ್ಟನಡುವೆ ಹೋಗಿ, ಕೋಲನ್ನು ಅಡ್ಡ ಹಿಡಿದು ನಿಂತಳು. ಟ್ರ್ಯಾಕ್ಟರು ಕಿರ್ರೆಂದು ಅವಳಿಂದ ಮೊಳ ದೂರದಲ್ಲಿ ನಿಂತಿತು.

"ಸಾಯ್ಬೇಕಂತ ಮಾಡಿಯೇನ?"

"ಕುರಿ ದಾಟಾಕತ್ತಾವು," ಅಂದಳು.

ಡ್ರೈವರು ಅವಳ ಮುಖ ನೋಡಿ ಇಂಜಿನ್ನು ಬಂದ್ ಮಾಡಿದ. ಅವನ ಹಿಂದೆ ಅಥಣಿಯ ಬಸ್ಸು ನಿಂತಿತು. ಬಸ್ಸಿನ ಹಿಂದೆ ಒಂದು ಜೀಪು ಬಂದು ನಿಂತು, ಬಿಡದೆ ಹಾರ್ನು ಹೊಡೆಯತೊಡಗಿತು. ಯಾರ ಜೀಪು ಎಂದು ಅವಳು ಕತ್ತು ಚಾಚಿ ನೋಡಬೇಕಾಗಿರಲಿಲ್ಲ. ಕುಂಟುವ ಮುದಿ ಕುರಿಯೊಂದು ರಸ್ತೆಯ ನಡುವೆ ನಿಂತು ಹಿಕ್ಕೆ ಹಾಕತೊಡಗಿತು. ಓಢಣಿಯ ಗಂಟಿನೊಳಗಿಂದ ಆ ಹೆಂಗಸು, "ಹಲೋ, ಕೇಳಿಸುತ್ತಿದೆಯೇ, ನೀವು ಇನ್ನೂ ಅಲ್ಲಿದ್ದೀರಾ," ಅನ್ನುತ್ತಿದ್ದಳು. ಸುಜಾತಾ ಕೋಲು ಇಳಿಸಲಿಲ್ಲ.